ಪುಟಾಣಿ ವಿಮಾನಕ್ಕೆ ಬೆಳ್ಳಿ ಕಟ್ಟಿದ್ದು ಯಾಕೆ?

ಬೇಸಿಗೆ ರಜೆಯುದ್ದಕ್ಕೂ ಊಟದ ಮೇಜಿನ ಒಂದು ಮೂಲೆ ಆ ಹುಡುಗನದಾಗಿತ್ತು. ಪ್ಲಾಸ್ಟಿಕ್ ಭಾಗಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಸಂದುಗಳನ್ನು ಮೆತ್ತಿ, ಕೊನೆಗೆ ಹಸಿರು, ಕಂದು, ಬೂದು ಬಣ್ಣಗಳ ಪಟ್ಟೆ ಬಳಿದಾಗ ಅಂಗೈಗಿಂತ ಸ್ವಲ್ಪ ಉದ್ದನೆಯ ಸ್ಪಿಟ್‌ಫೈರ್ ವಿಮಾನವೊಂದು ಎದ್ದು ನಿಂತಿತು. ಬಣ್ಣ ಥೇಟ್ ಯುದ್ಧವಿಮಾನದ್ದೇ, ಒಂದಿಷ್ಟೂ ಮಿರುಗಿಲ್ಲ. ಉಳಿದದ್ದು ಅರ್ಧ ಗಂಟೆಯ ಕೆಲಸ. ರೆಕ್ಕೆಯ ಮೇಲಿನ ದುಂಡು ಲಾಂಛನ, ಬದಿಯ ದೊಡ್ಡ ಅಕ್ಷರಗಳು, ಬಾಲದ ಬಳಿಯ ಸಂಖ್ಯೆ, ಇವನ್ನೆಲ್ಲ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವುದು. ಹುಡುಗ ಉಸಿರು ಬಿಗಿಹಿಡಿದು ಅದನ್ನೂ ಮುಗಿಸಿದ. ರಾತ್ರಿ ಮಲಗುವಾಗ ಎಲ್ಲ ಸರಿಯಾಗಿತ್ತು.

ಬೆಳಿಗ್ಗೆ ನೋಡಿದರೆ ಅಕ್ಷರಗಳ ಸುತ್ತ ಬಿಳಿ ಮಂಜು ಕವಿದಂತಿತ್ತು. ಲಾಂಛನದ ಅಂಚಿನಲ್ಲಿ ಬೆಳ್ಳಿಯ ರೇಕು ಅಂಟಿಸಿದ ಹಾಗೆ ಒಂದು ಹೊಳಪು. ವಿಮಾನಕ್ಕೆ ಬರೆದ ಚಿಹ್ನೆಗಳಂತೆ ಕಾಣಬೇಕಾದವು ಪುಸ್ತಕಕ್ಕೆ ಅಂಟಿಸಿದ ಲೇಬಲ್ಲಿನಂತೆ ಕಾಣತೊಡಗಿದವು.

“ಅವಸರ ಮಾಡಿದ್ದೀಯ ಕಣೋ, ಸ್ವಲ್ಪ ತಾಳ್ಮೆ ಇರಬೇಕು” ಎಂದರು ಅಪ್ಪ.

“ಇಲ್ಲಪ್ಪ, ರಾತ್ರಿ ಸರಿಯಾಗೇ ಇತ್ತು” ಎಂದ ಹುಡುಗ.

ಸ್ಕೇಲ್ ಮಾಡೆಲ್ ಕಟ್ಟುವ ಹವ್ಯಾಸವಿರುವ ಮನೆಗಳಲ್ಲಿ ಈ ಮಾತುಕತೆ ಒಮ್ಮೆಯಾದರೂ ನಡೆದಿರುತ್ತದೆ. ಅನೇಕ ಮಕ್ಕಳು ತಮ್ಮ ಕೈಯೇ ಸರಿಯಿಲ್ಲವೆಂದುಕೊಂಡು ಎರಡನೆಯ ಮಾದರಿಗೆ ಕೈ ಹಾಕುವುದೇ ಇಲ್ಲ. ಆದರೆ ಇಲ್ಲಿ ಹುಡುಗ ಹೇಳಿದ್ದರಲ್ಲೇ ಉತ್ತರದ ಸುಳಿವಿದೆ. ರಾತ್ರಿ ನಿಜಕ್ಕೂ ಸರಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಆದ ಬದಲಾವಣೆ ಒಂದೇ: ನೀರು ಆರಿತು.

ಗೀಳಿನಿಂದ ಬಂದ ಹೆಸರು

ಈ ಜಾರುವ ಚಿತ್ರಗಳಿಗೆ ಡಿಕ್ಯಾಲ್ ಎಂದು ಹೆಸರು. ‘ಡಿಕ್ಯಾಲ್ಕೊಮೇನಿಯ’ ಎಂಬ ಉದ್ದನೆಯ ಫ್ರೆಂಚ್ ಪದದ ತುಂಡು ಅದು. ಮೊದಲರ್ಧಕ್ಕೆ ಪಡಿಯಚ್ಚು ತೆಗೆಯುವುದೆಂದು ಅರ್ಥ. ಉಳಿದರ್ಧ ‘ಮೇನಿಯ’, ಅಂದರೆ ಗೀಳು. 1860ರ ದಶಕದಲ್ಲಿ ಇಂಗ್ಲೆಂಡಿನ ಮನೆಮನೆಯಲ್ಲೂ ಪೆಟ್ಟಿಗೆ, ಪಿಂಗಾಣಿ, ಗಾಜಿನ ಮೇಲೆ ಚಿತ್ರ ಅಚ್ಚೊತ್ತುವ ಹುಚ್ಚು ಹಿಡಿದಿತ್ತಂತೆ. ಹೊಲಿಗೆ ಯಂತ್ರದ ಕಪ್ಪು ಮೈಮೇಲಿನ ಬಂಗಾರದ ಬಳ್ಳಿ, ಹಳೆಯ ಸೈಕಲ್ಲಿನ ಕೊಳವೆಯ ಮೇಲಿನ ಕಂಪೆನಿಯ ಗುರುತು, ಬಬಲ್‌ಗಮ್ ಜೊತೆ ಸಿಗುತ್ತಿದ್ದ, ಒದ್ದೆ ಮಾಡಿ ಕೈಗೆ ಒತ್ತಿಕೊಳ್ಳುವ ಹಚ್ಚೆ, ಎಲ್ಲವೂ ಒಂದೇ ಬಳಗದವು.

ಪ್ಲಾಸ್ಟಿಕ್ ಮಾದರಿಗಳ ಕಿಟ್‌ಗಳು ಇವಕ್ಕಿಂತ ತೀರ ಈಚಿನವು. ಬ್ರಿಟನ್ನಿನ ಫ್ರಾಗ್ ಕಂಪೆನಿ 1936ರಲ್ಲಿ ‘ಪೆಂಗ್ವಿನ್’ ಹೆಸರಿನ ಕಿಟ್‌ಗಳನ್ನು ತಂದಿತು. 1939ರಲ್ಲಿ ಹಂಗೇರಿ ಮೂಲದ ನಿಕೊಲಸ್ ಕೋವ್ ಸ್ಥಾಪಿಸಿದ ಏರ್‌ಫಿಕ್ಸ್ ಮೊದಲು ಗಾಳಿ ತುಂಬುವ ಆಟಿಕೆ ಮಾಡಿತು, ಆಮೇಲೆ ಬಾಚಣಿಗೆ ಮಾಡಿತು. ಯುದ್ಧ ಮುಗಿದ ಬಳಿಕ ಫರ್ಗ್ಯುಸನ್ ಟ್ರ್ಯಾಕ್ಟರಿನ ಪುಟ್ಟ ಪ್ರತಿಕೃತಿಯ ಮೂಲಕ ಮಾದರಿಗಳ ದಾರಿ ಹಿಡಿಯಿತು. ಜಪಾನಿನ ತಮಿಯ ಮೊದಲ ಪ್ಲಾಸ್ಟಿಕ್ ಕಿಟ್ ತಂದದ್ದು 1960ರಲ್ಲಿ, ಯಮಾಟೊ ಯುದ್ಧನೌಕೆಯದು. ವಿಮಾನಗಳಿಗೆ ಬಹು ಬಳಕೆಯ ಅಳತೆ ಒಂದಕ್ಕೆ ಎಪ್ಪತ್ತೆರಡು. ಆರಡಿ ಎತ್ತರದ ಪೈಲಟ್ ಈ ಅಳತೆಯಲ್ಲಿ ಸರಿಯಾಗಿ ಒಂದು ಅಂಗುಲ. ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್ ಇರುವ ಸ್ಪಿಟ್‌ಫೈರ್ ಸುಮಾರು 15.6 ಸೆಂಟಿಮೀಟರಿಗೆ ಇಳಿಯುತ್ತದೆ.

ಡಿಕ್ಯಾಲಿನ ರಚನೆ ಸರಳ. ಅಡಿಯಲ್ಲಿ ನೀರು ಹೀರುವ ಕಾಗದ. ಅದರ ಮೇಲೆ ಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದ ತಯಾರಾದ, ನೀರಿನಲ್ಲಿ ಕರಗುವ ಅಂಟು. ಅದರ ಮೇಲೆ ಪಾರದರ್ಶಕವಾದ ತೆಳು ಪೊರೆ ಮತ್ತು ಶಾಯಿಯ ಚಿತ್ರ. ಕಾಗದ ನೀರು ಕುಡಿದಾಗ ಅಂಟು ಸಡಿಲಗೊಂಡು ಪೊರೆ ಜಾರುತ್ತದೆ. ಚಿತ್ರದ ಸುತ್ತ ಒಂದಿಷ್ಟು ಖಾಲಿ ಪೊರೆ ಉಳಿದಿರುತ್ತದೆ. ರಗಳೆಯೆಲ್ಲ ಹುಟ್ಟುವುದು ಈ ಖಾಲಿ ಪೊರೆಯ ಕೆಳಗೆ.

ಬೋಂಡದ ಕಾಗದ ಹೇಳುವ ಪಾಠ

ಹೊಳಪಿನ ಬಣ್ಣಕ್ಕೂ ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೂ ಇರುವ ವ್ಯತ್ಯಾಸವೆಲ್ಲ ಮೇಲ್ಮೈಯದು. ಹೊಳಪಿನ ಬಣ್ಣ ಆರಿದಾಗ ಅದರೊಳಗಿನ ರಾಳ ಸಮತಟ್ಟಾಗಿ ಹರಡಿ ಪುಡಿಯ ಕಣಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮ್ಯಾಟ್ ಬಣ್ಣಕ್ಕೆ ಸಿಲಿಕದಂಥ ನಯವಾದ ಪುಡಿಯನ್ನು ಬೇಕೆಂದೇ ಬೆರೆಸಿರುತ್ತಾರೆ. ಬಣ್ಣ ಆರಿ ಕುಗ್ಗಿದಂತೆ ಈ ಕಣಗಳು ತಲೆಯೆತ್ತಿ ನಿಲ್ಲುತ್ತವೆ. ಕೈಯಿಂದ ಸವರಿದರೆ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಟ್ಟ ಗುಡ್ಡಗಳ ಸೀಮೆ. ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರುವುದರಿಂದಲೇ ಹೊಳಪು ಕಾಣುವುದಿಲ್ಲ.

ಆ ಗುಡ್ಡಗಳ ನೆತ್ತಿಯ ಮೇಲೆ ಒಂದು ಪೊರೆಯನ್ನು ಹಾಸಿದರೆ ಏನಾದೀತು? ಪೊರೆ ಗುಡ್ಡದ ತುದಿಗಳನ್ನಷ್ಟೇ ಮುಟ್ಟುತ್ತದೆ, ಕಣಿವೆಗಳು ಪೊಳ್ಳಾಗಿ ಉಳಿಯುತ್ತವೆ. ಒದ್ದೆಯಿರುವ ತನಕ ಕಣಿವೆಗಳಲ್ಲಿ ನೀರಿರುತ್ತದೆ. ನೀರು ಆರಿದ ಮೇಲೆ ಅದರ ಜಾಗಕ್ಕೆ ಗಾಳಿ ಬರುತ್ತದೆ.

ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಒಂದು ಪಾಲು ಹಿಂದಿರುಗುತ್ತದೆ. ಎರಡೂ ವಸ್ತುಗಳ ವಕ್ರೀಭವನಾಂಕ ಹತ್ತಿರವಿದ್ದರೆ ಹಿಂದಿರುಗುವುದು ಅತ್ಯಲ್ಪ, ದೂರವಿದ್ದಷ್ಟೂ ಹೆಚ್ಚು. ಡಿಕ್ಯಾಲಿನ ಪೊರೆಯದು ಸುಮಾರು 1.5, ಬಣ್ಣದ ರಾಳದ್ದೂ ಹೆಚ್ಚುಕಡಿಮೆ ಅಷ್ಟೇ, ನೀರಿನದು 1.33, ಗಾಳಿಯದು 1. ಪಿಯುಸಿ ಓದುವವರು ಲೆಕ್ಕ ಹಾಕಿ ನೋಡಬಹುದು. 1.5ರಿಂದ ಗಾಳಿಗೆ ನೇರವಾಗಿ ದಾಟುವ ಬೆಳಕಿನಲ್ಲಿ ಶೇಕಡ 4ರಷ್ಟು ಹಿಂದಿರುಗುತ್ತದೆ. ಗಾಳಿಯಿಂದ ಬಣ್ಣಕ್ಕೆ ಇಳಿಯುವಾಗ ಮತ್ತೆ ಶೇಕಡ 4. ಅದೇ ಜಾಗದಲ್ಲಿ ನೀರಿದ್ದರೆ ಪ್ರತಿ ದಾಟಿಗೆ ಶೇಕಡ ಅರ್ಧವೂ ಇಲ್ಲ. ರಾತ್ರಿ ಕಾಣದ ಬಿಳುಪು ಬೆಳಿಗ್ಗೆ ಕಂಡದ್ದು ಈ ಲೆಕ್ಕದಿಂದ. ಹವ್ಯಾಸಿಗಳು ಇದನ್ನು ಸಿಲ್ವರಿಂಗ್, ಅಂದರೆ ಬೆಳ್ಳಿ ಕಟ್ಟುವುದು ಎನ್ನುತ್ತಾರೆ. ಬೆಳ್ಳಿಯೂ ಇಲ್ಲ, ಅಂಟಿನ ಕಲೆಯೂ ಅಲ್ಲ, ಬರೀ ಗಾಳಿ. ಬಿಳಿ ಬಣ್ಣದ ಮಾದರಿಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಕಡು ಹಸಿರು, ಕಪ್ಪು, ಕಂದಿನ ಮೇಲೆ ಮಾತ್ರ ಎದ್ದು ಕಾಣುತ್ತದೆ.

ಇದೇ ನಿಯಮ ಅಡುಗೆಮನೆಯಲ್ಲೂ ಉಂಟು. ಬಿಸಿ ಬೋಂಡ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯಲ್ಲಿ ಎಣ್ಣೆ ಹೀರಿದ ಕಡೆ ಹಿಂಬದಿಯ ಅಕ್ಷರಗಳೂ ಕಾಣಿಸುತ್ತವಲ್ಲ? ಕಾಗದದ ನಾರುಗಳ ನಡುವಿನ ಗಾಳಿಯನ್ನು ಎಣ್ಣೆ ಹೊರಗಟ್ಟಿತು. ಬೆಳಕು ಚೆದುರುವುದು ತಪ್ಪಿತು. ಇನ್ನೊಂದು ಪ್ರಯೋಗ: ಬಚ್ಚಲುಮನೆಯ ಕಿಟಕಿಯ ಮಸುಕು ಗಾಜಿನ ಒರಟು ಬದಿಗೆ ಒಂದು ಹನಿ ನೀರು ಸವರಿದರೆ ಅಷ್ಟು ಜಾಗ ತಿಳಿಯಾಗುತ್ತದೆ, ಆರಿದೊಡನೆ ಮತ್ತೆ ಮಸುಕು. ಅದೇ ಜಾಗಕ್ಕೆ ಸೆಲೊಟೇಪ್ ಒತ್ತಿ ಅಂಟಿಸಿದರೆ ತಿಳಿಯಾಗಿಯೇ ಉಳಿಯುತ್ತದೆ. ಟೇಪಿನ ಮೆತ್ತನೆಯ ಅಂಟು ಕಣಿವೆಗಳಿಗೆ ಇಳಿದು ತುಂಬಿಕೊಂಡಿತು, ಗಾಳಿಗೆ ಜಾಗ ಉಳಿಯಲಿಲ್ಲ. ಐದು ನಿಮಿಷದ ಈ ಪ್ರಯೋಗ ಮಾಡಿದ ಮಗುವಿಗೆ ಡಿಕ್ಯಾಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ಮಂಕಾಗಿಸುವ ಮುನ್ನ ಮಿರುಗಿಸು

ಕಾರಣ ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ, ಆದರೆ ಕೇಳಿದಾಗ ವಿಚಿತ್ರವೆನಿಸುತ್ತದೆ. ಕಷ್ಟಪಟ್ಟು ಹೊಳಪಿಲ್ಲದಂತೆ ಬಣ್ಣ ಬಳಿದ ವಿಮಾನಕ್ಕೆ ಹೊಳೆಯುವ ವಾರ್ನಿಷ್ ಹಚ್ಚಬೇಕು! ಇಡೀ ಮಾದರಿ ಹೊಸ ಸ್ಕೂಟರಿನಂತೆ ಮಿರಮಿರ ಮಿಂಚುವಾಗ ಡಿಕ್ಯಾಲ್ ಅಂಟಿಸಬೇಕು. ಅದೆಲ್ಲ ಆರಿದ ಮೇಲೆ ಮ್ಯಾಟ್ ವಾರ್ನಿಷ್ ಹಚ್ಚಿ ಮತ್ತೆ ಮಂಕು ಮಾಡಬೇಕು. ಹೊಳಪಿನ ವಾರ್ನಿಷ್ ಕಣಿವೆಗಳನ್ನು ತುಂಬಿ ನೆಲ ಸಮ ಮಾಡುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಹಾಳೆ ಉಜ್ಜಿ ಪಾಲಿಷ್ ಮಾಡಿದ ರೆಡ್ ಆಕ್ಸೈಡ್ ನೆಲಕ್ಕೆ ಅಂಟಿ ಕೂರುತ್ತದೆ. ಜಲ್ಲಿ ಕಾಣುವ ಕಾಂಕ್ರೀಟಿನ ಮೇಲೆ ಕೂರುವುದಿಲ್ಲ. ಅಷ್ಟೇ ವ್ಯತ್ಯಾಸ.

ಮೊದಲ ಸಲ ಇದನ್ನು ಮಾಡುವವರಿಗೆ ಕೈ ನಡುಗುವುದು ಸಹಜ. ಬಣ್ಣವೆಲ್ಲ ಹಾಳಾಯಿತು ಎಂದೇ ಅನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ, ಒಂದು ಷರತ್ತಿನ ಮೇಲೆ: ಕೆಳಗಿನ ಬಣ್ಣ ಪೂರ್ತಿ ಒಣಗಿರಬೇಕು. ಅಕ್ರಿಲಿಕ್ ಬಣ್ಣವಾದರೆ ಒಂದು ದಿನ, ಎನಾಮಲ್ ಆದರೆ ಎರಡು ಮೂರು ದಿನ ಬಿಡುವುದು ಕ್ಷೇಮ. ವಾರ್ನಿಷನ್ನು ಒಮ್ಮೆಗೇ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಸಲ ಹಚ್ಚಬೇಕು. ದಪ್ಪಗಾದರೆ ವಿಮಾನದ ಮೈಮೇಲಿನ ನವುರು ಗೆರೆಗಳೆಲ್ಲ ಹೂತುಹೋಗುತ್ತವೆ. ಪಶ್ಚಿಮದ ಹವ್ಯಾಸಿಗಳು ಬಹುಕಾಲ ಇದಕ್ಕೆ ಬಳಸಿದ್ದು ನೆಲ ಹೊಳಪಿಸುವ ಅಕ್ರಿಲಿಕ್ ದ್ರಾವಣವನ್ನು! ಅಮೆರಿಕದಲ್ಲಿ ‘ಫ್ಯೂಚರ್’, ಬ್ರಿಟನ್ನಿನಲ್ಲಿ ‘ಕ್ಲಿಯರ್’ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ಅದು ಕುಂಚದ ಗುರುತೂ ಉಳಿಯದಂತೆ ತಾನೇ ಸಮನಾಗಿ ಹರಡುತ್ತಿತ್ತು. ಆ ಹಳೆಯ ದ್ರಾವಣ ಈಗ ತಯಾರಾಗುವುದಿಲ್ಲ. ಹವ್ಯಾಸದ ಅಂಗಡಿಗಳ ಅಕ್ರಿಲಿಕ್ ವಾರ್ನಿಷ್ ಅದೇ ಕೆಲಸ ಮಾಡುತ್ತದೆ.

ಡಬ್ಬಿಯಿಂದ ಸಿಂಪಡಿಸುವ ವಾರ್ನಿಷ್ ಬಳಸುವುದಾದರೆ ದೊಡ್ಡವರು ಜೊತೆಗಿರಬೇಕು. ಕಿಟಕಿ ತೆರೆದ ಜಾಗ ಅಥವಾ ಮಹಡಿ ಆಗಬೇಕು, ಮೂಗಿಗೆ ಮಾಸ್ಕ್ ಬೇಕು, ಹತ್ತಿರ ಒಲೆ, ದೀಪ ಇರಕೂಡದು. ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದ ತೇವದಲ್ಲಿ ಲ್ಯಾಕರ್ ಸಿಂಪಡಿಸಿದರೆ ಗಾಳಿಯ ತೇವ ಅದರ ಮೇಲೆ ಕೂತು ವಾರ್ನಿಷ್ಷೇ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನಕ್ಕೆ ಕಾಯುವುದೇ ಲೇಸು.

ನೀರು, ಚಿಮಟ, ಕುಂಚ

ಹಾಳೆಯಿಂದ ಒಂದು ಸಲಕ್ಕೆ ಒಂದೇ ಚಿಹ್ನೆಯನ್ನು ಕತ್ತರಿಸಿಕೊಳ್ಳಬೇಕು. ಸುತ್ತಲಿನ ಖಾಲಿ ಪೊರೆಯನ್ನು ಹರಿತವಾದ ಬ್ಲೇಡಿನಿಂದ ಚಿತ್ರದ ಅಂಚಿನವರೆಗೂ ಸವರಿ ತೆಗೆದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಮುಳುಗಿಸಿ, ಚಿಮಟದಿಂದ ಹೊರತೆಗೆದು, ಒದ್ದೆ ಕಾಗದದ ಮೇಲೆ ಒಂದು ನಿಮಿಷ ಬಿಡಬೇಕು. ಚಿತ್ರ ತಾನಾಗಿ ಕಳಚಿ ತೇಲುವ ತನಕ ನೀರಿನಲ್ಲೇ ಬಿಡುವುದು ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು. ಅಂಟೆಲ್ಲ ತೊಳೆದುಹೋದ ಮೇಲೆ ಚಿತ್ರ ಹಿಡಿಯುವುದಾದರೂ ಯಾವುದರಿಂದ?

ಬೋರ್‌ವೆಲ್ ನೀರು ಬೇಡ. ಬೆಂಗಳೂರಿನ ಹಲವು ಬಡಾವಣೆಗಳ ಗಡಸು ನೀರು ಆರಿದಾಗ ಬಕೆಟ್ಟಿನ ಅಂಚಿನಲ್ಲಿ ಬಿಡುವಂಥದೇ ಬಿಳಿ ಕಲೆಯನ್ನು ವಿಮಾನದ ಮೇಲೂ ಬಿಡುತ್ತದೆ. ಆಗ ಬೆಳ್ಳಿ ಯಾವುದು, ಸುಣ್ಣ ಯಾವುದು ಎಂಬುದೇ ತಿಳಿಯದೆ ಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಟ್ಟಲಿದ್ದರೆ ಸಾಕು.

ಚಿಹ್ನೆ ಕೂರಬೇಕಾದ ಜಾಗವನ್ನು ಮೊದಲು ಕುಂಚದಿಂದ ಒದ್ದೆ ಮಾಡಿ, ಕಾಗದವನ್ನು ಪಕ್ಕದಲ್ಲಿಟ್ಟು, ಕಾಗದದಿಂದ ಚಿತ್ರವನ್ನು ನೇರವಾಗಿ ಅಲ್ಲಿಗೇ ಜಾರಿಸಬೇಕು. ನೀರಿರುವ ತನಕ ಅತ್ತಿತ್ತ ಸರಿಸಬಹುದು. ಸರಿಯಾಗಿ ಕೂತಿತೆನಿಸಿದಾಗ ಮೆತ್ತನೆಯ ಬಟ್ಟೆಯ ತುದಿಯಿಂದ ನಡುವಿನಿಂದ ಅಂಚಿಗೆ ಮೆಲ್ಲನೆ ಒತ್ತುತ್ತ ನೀರು ಹೀರಿಸಬೇಕು. ಉಜ್ಜಬಾರದು.

ಸೆಲೊಟೇಪಿನ ಅಂಟು ಗಾಜಿನ ಕಣಿವೆಗೆ ಇಳಿದಂತೆ ಡಿಕ್ಯಾಲಿನ ಪೊರೆಯೂ ಇಳಿಯಬೇಕಾದರೆ ಅದು ಮೆತ್ತಗಾಗಬೇಕು. ಅದಕ್ಕೆಂದೇ ಎರಡು ಬಗೆಯ ದ್ರಾವಣಗಳು ಬಂದಿವೆ. ಅಮೆರಿಕದ ಮೈಕ್ರೊಸ್ಕೇಲ್ ಕಂಪೆನಿಯ ‘ಮೈಕ್ರೊ ಸೆಟ್’ ಅಂಟಿಸುವ ಮುಂಚೆ ಹಚ್ಚುವಂಥದು. ಮೂಸಿದರೆ ವಿನಿಗರಿನ ವಾಸನೆ, ಅದರಲ್ಲಿರುವುದೂ ಅಸಿಟಿಕ್ ಆಮ್ಲವೇ. ‘ಮೈಕ್ರೊ ಸಾಲ್’ ಅಂಟಿಸಿದ ಮೇಲೆ ಹಚ್ಚುವ, ಇನ್ನೂ ಖಾರವಾದ ದ್ರಾವಣ. ಜಪಾನಿನ ‘ಮಿಸ್ಟರ್ ಮಾರ್ಕ್ ಸಾಫ್ಟರ್’ ಕೂಡ ಇದೇ ಜಾತಿಯದು. ಎರಡನೆಯದನ್ನು ಹಚ್ಚಿದ ಕೆಲ ನಿಮಿಷಕ್ಕೆ ಡಿಕ್ಯಾಲ್ ಮುದುಡಿ ಸುಕ್ಕುಗಟ್ಟಬಹುದು. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಬೆರಳಿಟ್ಟು ಸರಿಪಡಿಸಲು ಹೋದವರು ಕೆಟ್ಟರು. ಆಗ ಪೊರೆ ಕೆನೆಯಷ್ಟು ಮೆದು, ಮುಟ್ಟಿದರೆ ಹರಿಯುತ್ತದೆ. ಮುಟ್ಟದೆ ಬಿಟ್ಟರೆ ಆರುತ್ತ ಆರುತ್ತ ತಾನೇ ಬಿಗಿದುಕೊಂಡು, ವಿಮಾನದ ಮೈಮೇಲಿನ ಗೆರೆ ತಗ್ಗುಗಳೊಳಗೆಲ್ಲ ಇಳಿದು ಕೂರುತ್ತದೆ. ಅಪ್ಪ ಹೇಳಿದ ತಾಳ್ಮೆ ಬೇಕಾದದ್ದು ಈ ಹತ್ತು ನಿಮಿಷದಲ್ಲಿ. ಎಲ್ಲ ಕಂಪೆನಿಗಳ ಡಿಕ್ಯಾಲೂ ಒಂದೇ ಬಗೆ ವರ್ತಿಸುವುದಿಲ್ಲವಾದ್ದರಿಂದ ಹಾಳೆಯಲ್ಲಿ ಬೇಡದ ಚಿಹ್ನೆಯೊಂದಿದ್ದರೆ ಮೊದಲು ಅದರ ಮೇಲೆ ಪರೀಕ್ಷಿಸುವುದು ಜಾಣತನ.

ಹಳೆಯ ಕಿಟ್‌ನ ಹಾಳೆ ಹಳದಿಗಟ್ಟಿದ್ದರೆ ಎಸೆಯಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ನಮ್ಮಲ್ಲಿ ಬಿಸಿಲಿಗೇನು ಬರ!

ಇಷ್ಟೆಲ್ಲ ಬೇಡ, ಮ್ಯಾಟ್ ಬಣ್ಣದ ಮೇಲೇ ಡಿಕ್ಯಾಲ್ ಕೂರಿಸುತ್ತೇವೆ ಎನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ನಯವಾಗಿ ಸಿಂಪಡಿಸಿದ ಬಣ್ಣವನ್ನು ಹಳೆಯ ಹತ್ತಿ ಬಟ್ಟೆಯಿಂದ ಹಗುರವಾಗಿ ತಿಕ್ಕಿ, ಮೆತ್ತಗಾಗಿಸುವ ದ್ರಾವಣವನ್ನು ಧಾರಾಳವಾಗಿ ಬಳಸಿದರೆ ಎಷ್ಟೋ ಸಲ ಬೆಳ್ಳಿ ಕಟ್ಟುವುದಿಲ್ಲ. ಆದರೆ ಕುಂಚದಿಂದ ಬಳಿಯುವ ಮಕ್ಕಳಿಗೆ, ಅದರಲ್ಲೂ ಮೊದಲ ಮಾದರಿಗೆ, ಈ ಸಾಹಸ ಸಲ್ಲದು. ಒಂದು ದಿನ ಉಳಿಸಲು ಹೋಗಿ ಎರಡು ತಿಂಗಳ ಕೆಲಸ ಪಣಕ್ಕಿಟ್ಟಂತಾಗುತ್ತದೆ.

ವೃತ್ತದೊಳಗಿನ ಚರಿತ್ರೆ

ಇಷ್ಟು ಚಿಕ್ಕ ಚಿತ್ರಕ್ಕೆ ಇಷ್ಟು ರಾದ್ಧಾಂತವೇಕೆ ಎಂದು ಕೇಳುವ ತಂದೆತಾಯಿಗಳಿಗೆ ಉತ್ತರ ಆ ಚಿತ್ರದಲ್ಲೇ ಇದೆ. ಬಣ್ಣ ಬಳಿದ ವಿಮಾನ ಬರೀ ಒಂದು ಸ್ಪಿಟ್‌ಫೈರ್. ಅದು ಯಾರದು, ಯಾವ ವರ್ಷದ್ದು ಎಂದು ಹೇಳುವುದು ಚಿಹ್ನೆಗಳು. ಬ್ರಿಟಿಷ್ ವಿಮಾನಗಳ ದುಂಡು ಲಾಂಛನದ ನಡುವೆ ಕೆಂಪು ಚುಕ್ಕೆಯಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ವಿಮಾನಗಳ ಗುರುತು ಕೆಂಪು ಸೂರ್ಯ. ಬರ್ಮಾ ರಂಗದಲ್ಲಿ ಸ್ವಪಕ್ಷದ ವಿಮಾನವನ್ನೇ ಶತ್ರುವೆಂದು ತಿಳಿದು ಗುಂಡು ಹಾರಿಸುವ ಅಪಾಯವಿತ್ತು. ಹೀಗಾಗಿ ಅಲ್ಲಿ ಕೆಂಪನ್ನೇ ತೆಗೆದು ಕಡು ನೀಲಿಯ ನಡುವೆ ತಿಳಿ ನೀಲಿಯ ಚುಕ್ಕೆ ಇಟ್ಟರು. 1944ರಿಂದ ಸ್ಪಿಟ್‌ಫೈರ್ ಹಾರಿಸಿದ ಭಾರತೀಯ ವಾಯುಪಡೆಯ ಸ್ಕ್ವಾಡ್ರನ್‌ಗಳ ವಿಮಾನಗಳೂ ಈ ನೀಲಿ ಗುರುತನ್ನೇ ಹೊತ್ತಿದ್ದವು. ಗಣರಾಜ್ಯವಾದ ಮೇಲಿನದು ತ್ರಿವರ್ಣದ ವೃತ್ತ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕಿಟ್‌ನಲ್ಲಿ ಬಂದ ಕೆಂಪು ಚುಕ್ಕೆಯನ್ನು ಹಾಗೇ ಅಂಟಿಸಬೇಕೆ, ನೀಲಿಯದನ್ನು ಹುಡುಕಬೇಕೆ ಎಂದು ಹುಡುಗನೊಬ್ಬ ತಲೆ ಕೆರೆದುಕೊಂಡಾಗ ಪಠ್ಯಪುಸ್ತಕದಲ್ಲಿಲ್ಲದ ಒಂದು ಪುಟ ತೆರೆದುಕೊಳ್ಳುತ್ತದೆ.

ನಿಜವಾದ ವಿಮಾನದ ಮೇಲೆ ಚಿಹ್ನೆಗಳು ಹೇಗಿರುತ್ತವೆಂದು ನೋಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಅನುಕೂಲವಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಮ್ಮ ಎಚ್‌ಎಎಲ್ ನಿರ್ಮಿಸಿದ ಮಾರುತ್ ವಿಮಾನವಿದೆ. ಎಚ್‌ಎಎಲ್‌ನದೇ ವಿಮಾನ ಸಂಗ್ರಹಾಲಯವೂ ನಗರದಲ್ಲಿ 2001ರಿಂದ ಇದೆ. ಹತ್ತಿರ ನಿಂತು ನೋಡಿದರೆ ಲಾಂಛನದ ಬಣ್ಣದಡಿಯಲ್ಲೇ ರಿವೆಟ್ಟುಗಳ ಸಾಲು, ತಗಡಿನ ಸಂದುಗಳು ಹಾದುಹೋಗುವುದು ಕಾಣುತ್ತದೆ. ಅಂಚಿನಲ್ಲಿ ಮೆಟ್ಟಿಲಿಲ್ಲ, ಪೊರೆಯಿಲ್ಲ. ಮಾದರಿಯಲ್ಲಿ ಸಾಧಿಸಬೇಕಾದದ್ದು ಇದನ್ನೇ. ಡಿಕ್ಯಾಲ್ ಬರೀ 0.02 ಮಿಲಿಮೀಟರ್ ದಪ್ಪವಿದೆ ಎಂದಿಟ್ಟುಕೊಂಡರೂ ಎಪ್ಪತ್ತೆರಡು ಪಟ್ಟು ಹಿಗ್ಗಿಸಿದಾಗ 1.44 ಮಿಲಿಮೀಟರ್ ಆಯಿತು. ನಿಜವಾದ ರೆಕ್ಕೆಗೆ ತೆಳು ರಟ್ಟು ಅಂಟಿಸಿದಂತೆ! ಕೊನೆಯ ಮ್ಯಾಟ್ ವಾರ್ನಿಷ್ ಮಾಡುವ ಉಪಕಾರ ಇಲ್ಲಿದೆ. ಚಿಹ್ನೆಗೂ ಬಣ್ಣಕ್ಕೂ ಒಂದೇ ಮಂಕು ಬಂದಾಗ ಆ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ.

ಕೆಟ್ಟುಹೋದದ್ದನ್ನು ಉಳಿಸಬಹುದೆ?

ಮೊದಲು ಹೇಳಿದ ಹುಡುಗನ ಸ್ಪಿಟ್‌ಫೈರ್ ಇನ್ನೂ ಕೈಬಿಟ್ಟುಹೋಗಿಲ್ಲ. ಬೆಳ್ಳಿ ಕಟ್ಟಿದ ಕಡೆಯೆಲ್ಲ ತೆಳುವಾದ ಸೂಜಿಯ ಮೊನೆಯಿಂದ ಒತ್ತೊತ್ತಾಗಿ ಚುಚ್ಚಿ, ಮೇಲೆ ಮೆತ್ತಗಾಗಿಸುವ ದ್ರಾವಣವನ್ನು ಕುಂಚದಿಂದ ಮುಟ್ಟಿಸಬೇಕು. ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ತೂತಿನ ಮೂಲಕ ಒಳಗೆ ಹರಿದು ಗಾಳಿಯನ್ನು ಹೊರಗಟ್ಟುತ್ತದೆ, ಪೊರೆ ಕೆಳಗಿಳಿಯುತ್ತದೆ. ಒಂದು ರಾತ್ರಿ ಬಿಟ್ಟು, ಉಳಿದ ಕಡೆ ಮತ್ತೆ ಚುಚ್ಚಿ, ಮತ್ತೆ ಹಚ್ಚಬೇಕು. ಮೂರು ನಾಲ್ಕು ಸಲವಾದರೂ ಬೇಕಾದೀತು. ಅದಕ್ಕೂ ಜಗ್ಗದಿದ್ದರೆ ತೆಳುಗೊಳಿಸಿದ ಹೊಳಪಿನ ವಾರ್ನಿಷನ್ನು ಅದೇ ತೂತುಗಳ ಮೇಲೆ ಬಿಟ್ಟು ನೋಡಬಹುದು. ಎಲ್ಲ ಸಲವೂ ಪೂರ್ತಿ ಮಾಯವಾಗುತ್ತದೆಂದಲ್ಲ, ಆದರೆ ಮೇಜಿನ ಮೇಲಿಡಲು ಸಂಕೋಚಪಡುವಂತೆ ಇರುವುದಿಲ್ಲ.

ಆಮೇಲೆ ಉಳಿಯುವುದು ಚಿಹ್ನೆಯ ಸುತ್ತ ಒಸರಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಒಂದು ದಿನ ಒಣಗಿಸಿ ಮ್ಯಾಟ್ ವಾರ್ನಿಷ್ ಹಚ್ಚುವುದು. ವಾರ್ನಿಷ್ ಡಬ್ಬಿಯನ್ನು ಚೆನ್ನಾಗಿ ಕಲಕಿಕೊಳ್ಳಬೇಕು; ಮಂಕು ತರುವ ಪುಡಿ ತಳದಲ್ಲಿ ಕೂತಿರುತ್ತದೆ. ಹಚ್ಚಿದ ಮೇಲೆ ಧೂಳು ಕೂರದಂತೆ ಅಮ್ಮನನ್ನು ಕೇಳಿ ಒಂದು ದೊಡ್ಡ ಪಾತ್ರೆ ತಂದು, ಗಾಳಿಯಾಡಲು ಒಂದು ಬದಿಗೆ ಪೆನ್ಸಿಲ್ ಕೊಟ್ಟು, ವಿಮಾನದ ಮೇಲೆ ಬೋರಲು ಹಾಕಬೇಕು. ಬೆಳಗಿನ ತನಕ ಎತ್ತಿ ನೋಡಬಾರದು.